ಗುಡಿ ಎದ್ದಿತು, ಕೇರಿ ಏಳಲಿಲ್ಲ

ನಮ್ಮ ಧರ್ಮಕೇಂದ್ರದ ಹೊಸ ದೇವಾಲಯದ ಬಾಗಿಲ ಪಕ್ಕದ ಗೋಡೆಗೆ ಒಂದು ಕರಿಕಲ್ಲು ಕೂರಿಸಿದ್ದಾರೆ. ಅದರ ಮೇಲೆ ಬಂಗಾರದ ಬಣ್ಣದ ಅಕ್ಷರಗಳು. ಆಶೀರ್ವದಿಸಿದವರ ಹೆಸರು, ಕಟ್ಟಿಸಿದವರ ಹೆಸರು, ಇಂಜಿನಿಯರ ಹೆಸರು, ಕಂಟ್ರಾಕ್ಟರ ಹೆಸರು, ಹಣ ಕೊಟ್ಟ ದಾನಿಗಳ ಹೆಸರು, ಅವರು ಯಾರ ನೆನಪಿಗೆ ಕೊಟ್ಟರೋ ಆ ಸತ್ತವರ ಹೆಸರು. ಸತ್ತವರಿಗೂ ಅಲ್ಲಿ ಜಾಗ ಸಿಕ್ಕಿದೆ. ನಮಗೆ ಸಿಕ್ಕಿಲ್ಲ.

ನಾವು ಅಂದರೆ ಯಾರು? ಅರಸೀಕೆರೆ, ಬೇಲೂರು, ಹಳೇಬೀಡಿನ ಆಜುಬಾಜಿನ ಹಟ್ಟಿಗಳಿಂದ ಬಂದ ಕಿರಿಸ್ತಾನರು. ಊರಿನವರಿಗೆ ನಾವು ಹೊಲೆಯ ಮಾದಿಗರು. ತಾಲೂಕು ಕಚೇರಿಗೆ ನಾವು ಕ್ರೈಸ್ತರು. ಗುಡಿಯೊಳಗೆ ನಾವು 'ಆ ಕಡೆಯವರು'. ಒಂದೇ ಮೈಗೆ ಮೂರು ಹೆಸರು. ಮೂರರಲ್ಲಿ ಯಾವುದನ್ನೂ ಆ ಕಲ್ಲಿನ ಮೇಲೆ ಕೆತ್ತಿಲ್ಲ.

ನಮ್ಮ ಊರು ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಹೆದರಿಕೆಗಲ್ಲ. ಬರೆದರೆ ಇದು ಒಂದು ಊರಿನ ಜಗಳ, ಒಬ್ಬ ಸ್ವಾಮೇರ ತಪ್ಪು ಅಂತಾಗಿ ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ. ಓದುವ ಕಿರಿಸ್ತಾನ ಅಣ್ಣತಮ್ಮಂದಿರು ತಂತಮ್ಮ ಗುಡಿಯ ಬಾಗಿಲಿಗೆ ಹೋಗಿ ಅಲ್ಲಿನ ಕಲ್ಲನ್ನು ಓದಲಿ. ಆಮೇಲೆ ನಮ್ಮದು ಸುಳ್ಳು ಅನ್ನಲಿ.

ಹಳೇ ಗುಡಿ ಮಣ್ಣಿನ ಗೋಡೆಯದು, ಮಂಗಳೂರು ಹೆಂಚಿನದು. ಆಷಾಢದಲ್ಲಿ ಸೋರುತ್ತಿತ್ತು. ಪೂಜೆ ನಡೆಯುವಾಗ ಪೀಠದ ಹತ್ತಿರ ಬಕೆಟ್ ಇಡುತ್ತಿದ್ದೆವು. ಬೀಳಿಸಿದ್ದು ಸರಿ, ಹೊಸದು ಕಟ್ಟಿದ್ದೂ ಸರಿ. ನಮ್ಮ ತಕರಾರು ಸಿಮೆಂಟಿನ ಮೇಲಲ್ಲ. ಕಟ್ಟುವ ಮೊದಲು ಒಂದು ಮೀಟಿಂಗ್ ಆಯಿತು. ಮನೆಗಿಷ್ಟು ಅಂತ ದುಡ್ಡು ಕಟ್ಟಬೇಕು, ಕಟ್ಟೋಕಾಗದವರು ಮೈಬಗ್ಗಿಸಿ ದುಡಿಯಬೇಕು ಅಂದರು. ನಾವು ಒಪ್ಪಿದೆವು. ದೇವರ ಕೆಲಸ ಬೇಡ ಅನ್ನೋಕಾಗುತ್ತಾ? ಎರಡು ವರ್ಷ, ಒಂದು ನೂರು ಶನಿವಾರ, ನಮ್ಮ ಹೆಂಗಸರು ತಲೆ ಮೇಲೆ ಮರಳು ಹೊತ್ತರು. ಗಂಡಸರು ಪಾಯ ತೋಡಿದರು, ಜಲ್ಲಿ ಕಲಸಿದರು, ಸೆಂಟ್ರಿಂಗ್ ಹಲಗೆ ಎತ್ತಿದರು. ಅದಕ್ಕೆ ಶ್ರಮದಾನ ಅಂತ ಹೆಸರು.

ಲೆಕ್ಕ ಹಾಕೋಣ. ಒಂದು ಶನಿವಾರದ ಕೂಲಿ 400 ರೂಪಾಯಿ ಅಂತ ಹಿಡಿದರೂ ಒಬ್ಬ ಹೆಂಗಸು ಕೊಟ್ಟಿದ್ದು 40 ಸಾವಿರ. ಕರಿಕಲ್ಲಿನ ಮೇಲೆ 25 ಸಾವಿರ ಕೊಟ್ಟವರ ಹೆಸರಿದೆ. ನೋಟು ಕೊಟ್ಟರೆ ದಾನಿ, ಬೆನ್ನು ಕೊಟ್ಟರೆ ಕೂಲಿ. ವಿಧವೆ ಹಾಕಿದ ಎರಡು ಕಾಸೇ ಎಲ್ಲರ ಕಾಣಿಕೆಗಿಂತ ದೊಡ್ಡದು ಅಂತ ಯೇಸುಸ್ವಾಮಿ ಹೇಳಿದ ಮಾತನ್ನು ವರ್ಷಕ್ಕೊಮ್ಮೆ ನಮಗೆ ಓದಿ ಹೇಳುತ್ತಾರೆ. ಓದುವವರು ಆ ಕಲ್ಲನ್ನು ದಾಟಿಕೊಂಡೇ ಒಳಗೆ ಬಂದಿರುತ್ತಾರೆ.

ಇದು ಇವತ್ತಿನ ಅನ್ಯಾಯವಲ್ಲ. ಗೋಡೆ ಹೊಸದು, ಪಾಯ ಹಳೇದು. ಆ ಪಾಯ ತೋಡಿ ನೋಡಬೇಕು.

*

1606ರಲ್ಲಿ ಮಧುರೆಗೆ ಬಂದ ಇಟಲಿಯ ಪಾದ್ರಿ ರೊಬೆರ್ತೊ ದೆ ನೊಬಿಲಿ ಸನ್ಯಾಸಿಯ ವೇಷ ಹಾಕಿದರು. ಬ್ರಾಹ್ಮಣರ ಅಡಿಗೆ ಉಂಡರು, ಕೆಳಜಾತಿಯವರಿಂದ ದೂರ ಉಳಿದರು. ಮೇಲುಜಾತಿಯವರನ್ನು ಕ್ರಿಸ್ತನ ಹತ್ತಿರ ತರಬೇಕು ಅಂದರೆ ಮೊದಲು ತಾವು ಮೇಲುಜಾತಿಯಾಗಬೇಕು ಅನ್ನುವುದು ಅವರ ಯುಕ್ತಿ. ಮುಂದೆ 1649ರ ಸುಮಾರಿಗೆ ನಮ್ಮ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ಡೊ ಚಿನ್ನಮಿಯವರೂ ಅದೇ ದಾರಿ ಹಿಡಿದರು. ಕನ್ನಡ ಕಲಿತು ವ್ಯಾಕರಣ ಬರೆದರು, ದೊಡ್ಡ ಕೆಲಸವೇ. ಆದರೆ ತಮಿಳು ಸೀಮೆಯ ಈ ಪದ್ಧತಿಯಲ್ಲಿ ಮೇಲಿನವರಿಗೊಬ್ಬ ಪಾದ್ರಿ, ಕೆಳಗಿನವರಿಗೊಬ್ಬ ಪಾದ್ರಿ ಅಂತ ಎರಡು ಬಗೆಯಾಯಿತು. 1744ರಲ್ಲಿ ರೋಮಿನ ಪೋಪರೇ ಆಜ್ಞೆ ಹೊರಡಿಸಿ, ಸಾಯುತ್ತಿರುವ ಹೊಲೆಯನ ಗುಡಿಸಲಿಗೆ ಹೋಗಿ ಪ್ರಸಾದ ಕೊಡಿ ಅಂತ ಹೇಳಬೇಕಾಯಿತು. ಅದಕ್ಕೆ ಇಲ್ಲಿಂದ ಹೋದ ಉತ್ತರ ಏನು ಗೊತ್ತಾ? ಹೊಲೆಯರಿಗೆ ಬೇರೆ ಪಾದ್ರಿಗಳನ್ನು ನೇಮಿಸುತ್ತೇವೆ ಅಂತ. ಯೋಚನೆ ಮಾಡಿ. ಸಾಯುವವನ ಹೊಸಿಲು ದಾಟೋಕೆ ಪೋಪರ ಆಜ್ಞೆ ಬೇಕಾಯಿತು. ಆಜ್ಞೆ ಬಂದ ಮೇಲೂ ಹೊಸಿಲು ಹೊಸಿಲಾಗೇ ಉಳಿಯಿತು.

ನಮ್ಮ ಹಾಸನ ಸೀಮೆಗೆ ಬಂದರೆ ಅಬ್ಬೆ ದುಬ್ವಾ. ಟಿಪ್ಪು ಬಿದ್ದ 1799ರ ಮೇಲೆ ಮೈಸೂರಿಗೆ ಬಂದ ಫ್ರೆಂಚ್ ಪಾದ್ರಿ. ಜನ ಅವರನ್ನು ದೊಡ್ಡಸ್ವಾಮೇರು ಅಂದರು. ದೇಶೀ ಉಡುಪು ಉಟ್ಟು ಹಳ್ಳಿ ಹಳ್ಳಿ ತಿರುಗಿದರು. ಹಾಸನದ ಹತ್ತಿರದ ಸಾತಳ್ಳಿಯಲ್ಲಿ ದಿಕ್ಕುಗೆಟ್ಟ ಕಿರಿಸ್ತಾನರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. 1803–04ರಲ್ಲಿ ಸಿಡುಬಿನ ವಿರುದ್ಧ 25 ಸಾವಿರಕ್ಕೂ ಹೆಚ್ಚು ಜನರಿಗೆ ದಾಕು ಹಾಕಿಸಿದರು. ಇದೆಲ್ಲ ನಿಜ. ಇದಕ್ಕೆ ನಾವು ಕೈ ಮುಗಿಯುತ್ತೇವೆ. ನಮ್ಮ ಅಜ್ಜ ಅಜ್ಜಿಯರ ಮೈಮೇಲೂ ಆ ದಾಕಿನ ಋಣ ಇದ್ದೀತು.

ಆದರೆ ಅದೇ ದೊಡ್ಡಸ್ವಾಮೇರು ಹಿಂದೂಗಳ ನಡೆನುಡಿಯ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದರು. ಅದರ ಹಸ್ತಪ್ರತಿಯನ್ನು ಕಂಪನಿ ಸರ್ಕಾರ 1807ರಲ್ಲಿ ಹಣ ಕೊಟ್ಟು ಕೊಂಡುಕೊಂಡಿತು. ಆ ಪುಸ್ತಕದಲ್ಲಿ ಜಾತಿಯನ್ನು ಹಿಂದೂ ಶಾಸನಕಾರರ ಅತ್ಯುತ್ತಮ ಸಾಧನೆ ಅಂತ ಹೊಗಳಿದ್ದಾರೆ. ಜಾತಿ ಇರದಿದ್ದರೆ ಈ ದೇಶ ಕಾಡುಪಾಲಾಗುತ್ತಿತ್ತು ಅಂದಿದ್ದಾರೆ. ಅದಕ್ಕೆ ರುಜುವಾತು ಯಾರು? ನಾವೇ. ಪರೆಯರನ್ನು ಅವರ ಪಾಡಿಗೆ ಬಿಟ್ಟರೆ ನರಭಕ್ಷಕರಿಗಿಂತ ಕಡೆಯಾಗುತ್ತಾರೆ ಅಂತ ಬರೆದಿದ್ದಾರೆ. ಒಂದು ಕೈಯಲ್ಲಿ ದಾಕು, ಇನ್ನೊಂದು ಕೈಯಲ್ಲಿ ಈ ಮಾತು. ಮೈಯ ಸಿಡುಬಿಗೆ ಮದ್ದು ತಂದವರು ಸಮಾಜದ ಸಿಡುಬನ್ನು ಆರೋಗ್ಯ ಅಂತ ಕರೆದರು. ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಮಾತು ಅಂತ 1823ರಲ್ಲಿ ಪುಸ್ತಕವೂ ಬಂತು, ಅದೇ ವರ್ಷ ಅವರು ದೇಶ ಬಿಟ್ಟೂ ಹೋದರು. ಅವರು ಹೋದರು. ಪಾಯ ಇಲ್ಲೇ ಉಳಿಯಿತು.

*

ಈಗ ಶೆಟ್ಟಿಹಳ್ಳಿಗೆ ಬನ್ನಿ. ಹಾಸನದಿಂದ ಸುಮಾರು 20 ಕಿಲೋಮೀಟರ್, ಹೇಮಾವತಿ ಹಿನ್ನೀರು. ಮಳೆಗಾಲದಲ್ಲಿ ನೀರೊಳಗೆ ನಿಂತು ಬೇಸಿಗೆಯಲ್ಲಿ ಹೊರಗೆ ಬರುವ ಜಪಮಾಲೆ ಮಾತೆಯ ಗುಡಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು ಅಂತ ಪ್ರವಾಸಿ ಪುಸ್ತಕಗಳೆಲ್ಲ ಹೇಳುತ್ತವೆ. ಎತ್ತರದ ಗೋಡೆ, ಚೂಪು ಕಮಾನು, ಸೂರಿಲ್ಲದ ಆಕಾಶ. ಗಾರೆಗೆ ಬೆಲ್ಲ, ಕೋಳಿಮೊಟ್ಟೆ ಬೆರೆಸಿದ್ದರಿಂದ ಇಷ್ಟು ವರ್ಷ ನೀರಲ್ಲಿ ನಿಂತರೂ ಬಿದ್ದಿಲ್ಲ ಅಂತ ಜನ ಹೇಳ್ತಾರೆ.

ಇರಬಹುದು. ನಮ್ಮದೊಂದು ಪ್ರಶ್ನೆ ಇದೆ. ಆ ಮೊಟ್ಟೆ ಇಟ್ಟ ಕೋಳಿ ಯಾರ ಹಟ್ಟಿದು? ಆ ಇಟ್ಟಿಗೆಯ ಮಣ್ಣು ತುಳಿದ ಕಾಲು ಯಾರದು? ಸುಣ್ಣ ಅರೆದ ರಟ್ಟೆ ಯಾರದು? ಗೋಪುರದ ತುದಿಗೆ ಗಾರೆ ಬಾಂಡಲಿ ಹೊತ್ತು ಏಣಿ ಹತ್ತಿದವರು ಫ್ರಾನ್ಸಿನಿಂದ ಹಡಗು ಹತ್ತಿ ಬಂದರಾ? ಕಟ್ಟಿಸಿದವರ ದೇಶ ಎಲ್ಲರಿಗೂ ಗೊತ್ತು. ಕಟ್ಟಿದವರ ಕೇರಿ ಯಾರಿಗೂ ಬೇಡ.

ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಮುಗಿದದ್ದು 1979ರಲ್ಲಿ. 37 ಟಿಎಂಸಿ ನೀರು, 8,500 ಹೆಕ್ಟೇರಿನಷ್ಟು ಹರವು. ಹೊಲ ಮುಳುಗಿತು, ಗದ್ದೆ ಮುಳುಗಿತು, ಗುಡಿ ಮುಳುಗಿತು. ನೀರು ಕೆಳಗಿನ ಸೀಮೆಯ ಗದ್ದೆಗೆ ಹರಿಯಿತು. ಆಗ ಇದ್ದ ಕಾನೂನು ಬ್ರಿಟಿಷರು 1894ರಲ್ಲಿ ಮಾಡಿದ ಭೂಸ್ವಾಧೀನ ಕಾಯ್ದೆ. ಪಹಣಿಯಲ್ಲಿ ಹೆಸರಿದ್ದವರಿಗೆ ಪರಿಹಾರ. ಪರರ ಹೊಲದಲ್ಲಿ ಕೂಲಿ ಮಾಡಿದವರು ಆ ಕಾನೂನಿನ ಕಣ್ಣಿಗೆ ಇಲ್ಲವೇ ಇಲ್ಲ. ಜಮೀನು ಮುಳುಗಿದರೆ ಕೂಲಿಯೂ ಮುಳುಗುತ್ತದೆ ಅನ್ನುವ ಸರಳ ಸತ್ಯ ಕಾನೂನಿನ ಪುಸ್ತಕಕ್ಕೆ ಬಂದದ್ದು 2013ರ ಹೊಸ ಕಾಯ್ದೆಯಲ್ಲಿ. ಹೇಮಾವತಿ ತುಂಬಿ ಮೂವತ್ತಕ್ಕೂ ಹೆಚ್ಚು ಮಳೆಗಾಲ ಕಳೆದ ಮೇಲೆ.

ಇವತ್ತು ಆ ಗುಡಿಯ ಮುಂದೆ ಕಾರುಗಳು ನಿಲ್ಲುತ್ತವೆ. ಮದುವೆಗೆ ಮುಂಚಿನ ಫೋಟೋ ತೆಗೆಸೋಕೆ ಹುಡುಗ ಹುಡುಗಿಯರು ಬರ್ತಾರೆ. ಮುಳುಗುವ ಗುಡಿ ಎಷ್ಟು ಚೆಂದ ಅಂತಾರೆ. ಚೆಂದವೇ. ಆದರೆ ಗುಡಿ ಮುಳುಗಿದರೆ ಚೆಂದ, ಗುಡಿಸಲು ಮುಳುಗಿದರೆ ಯಾರಿಗೆ ಚೆಂದ? ಗುಡಿಯನ್ನು ಉಳಿಸಬೇಕು, ರಿಪೇರಿ ಮಾಡಬೇಕು ಅಂತ ಮಾತಾಡುವವರೂ ಇದ್ದಾರೆ. ಮಾಡಲಿ. ಕಲ್ಲಿಗೆ ಮರುಗುವ ಮನಸ್ಸಿಗೆ ಕಲ್ಲು ಹೊತ್ತವರ ನೆನಪೂ ಸ್ವಲ್ಪ ಬರಲಿ.

*

ನಿಮ್ಮ ಧರ್ಮದಲ್ಲೇ ಹುಳುಕು, ನಮ್ಮಲ್ಲಿಲ್ಲ ಅಂತ ಬೇಲೂರಿನ ಕಡೆಯವರು ನಗಬೇಡಿ. ನಿಮ್ಮ ಅಂಗಳಕ್ಕೂ ಬರುತ್ತೇವೆ.

1117ರಲ್ಲಿ ಬೇಲೂರಲ್ಲಿ ಚೆನ್ನಕೇಶವ ನಿಂತ. ಅದರ ಶಿಲ್ಪಿಗಳು ತಮ್ಮ ಹೆಸರು ಕೆತ್ತಿಕೊಂಡರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಒಂಬೈನೂರು ವರ್ಷವಾದರೂ ಆ ಹೆಸರು ಅಳಿಸಿಲ್ಲ. ದುಡಿದ ಕೈ ತನ್ನ ಹೆಸರನ್ನು ಬರೆದುಕೊಂಡ ಆ ಧೈರ್ಯಕ್ಕೆ ಶರಣು. ಆದರೆ ಉಳಿ ಹಿಡಿದವನ ಹೆಸರಿದೆ, ಬಂಡೆ ಎಬ್ಬಿಸಿ ಎಳೆದು ತಂದವನ ಹೆಸರಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳನ್ನು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ವಿಶ್ವವೇ ತಲೆಬಾಗಿತು. ಎಳೆದವರ ಮಕ್ಕಳು ಆಗಲೂ ಪಟ್ಟಿಯ ಹೊರಗೆ.

ಬೇಲೂರಿನ ಕೇಶವ ಬಾಬಾಬುಡನ್ ಗಿರಿಗೆ ದೇವಿಯನ್ನು ನೋಡೋಕೆ ಹೋಗುತ್ತಾನಂತೆ. ನಡೆದು ನಡೆದು ಚಪ್ಪಲಿ ಸವೆಯುತ್ತವಂತೆ. ಚನ್ನಗಿರಿ, ಬಸವಾಪಟ್ಟಣದ ಮಾದಿಗರ ಕನಸಿಗೆ ಬಂದು ಹೊಸದು ಹೊಲಿದು ಕೊಡಿ ಅನ್ನುತ್ತಾನಂತೆ. ಅವರು ಹೊಲಿದು ತರ್ತಿದ್ದರು. ಆ ಪುಣ್ಯಕ್ಕೆ ಗುಡಿಯ ಅಂಗಳದ ತನಕ ಬರೋಕೆ ಅಪ್ಪಣೆ. ಹೋದ ಶತಮಾನದ ಗೆಜೆಟಿಯರ್‌ಗಳು ಇದನ್ನು ಬರೆದಿಟ್ಟಿವೆ. ಮಾದಿಗ ಹೊಲಿದ ಚಪ್ಪಲಿ ದೇವರ ಕಾಲಿಗೆ ಆಗುತ್ತದೆ, ಮಾದಿಗನ ಕಾಲು ದೇವರ ಮನೆಗೆ ಆಗುವುದಿಲ್ಲ. ಹೊಲೆಮಾದಿಗರಿಗೆ ತಿರುಕುಲದವರು ಅಂತ ಚೆಂದದ ಹೆಸರು ಕೊಟ್ಟು, ಮೇಲುಕೋಟೆಯಲ್ಲಿ ವರ್ಷಕ್ಕೆ ಮೂರು ದಿನ ಮಾತ್ರ ಒಳಗೆ ಬಿಟ್ಟ ದೊಡ್ಡಮನಸ್ಸೂ ಇದೇ ಸೀಮೆಯದು. ಮೂರು ದಿನ ಮನುಷ್ಯರು, ಮಿಕ್ಕ ದಿನ ಏನು?

ಈ ಮೂರು ದಿನದ ಮನುಷ್ಯತ್ವ ಸಾಲದು ಅಂತಲೇ ನಮ್ಮ ಹಿರಿಯರು ಶಿಲುಬೆಯ ಹತ್ತಿರ ಹೋದದ್ದು. ಗೋಧಿ ರವೆಗೆ, ಹಾಲಿನ ಪುಡಿಗೆ ಹೋದರು ಅಂತ ಆಡಿಕೊಳ್ಳುವವರಿಗೆ ಹೇಳುತ್ತೇವೆ. ಹಸಿದವನು ಅನ್ನಕ್ಕೆ ಹೋದರೆ ಅದು ಅವನ ಪಾಪವಲ್ಲ, ಹಸಿವಲ್ಲಿಟ್ಟವನ ಪಾಪ. ಆದರೆ ಅವರು ಅನ್ನಕ್ಕಷ್ಟೇ ಹೋಗಲಿಲ್ಲ. 365 ದಿನವೂ ಬಾಗಿಲು ತೆರೆದಿರುವ ಒಂದು ಮನೆ ಹುಡುಕಿಕೊಂಡು ಹೋದರು. ಬಾಗಿಲು ತೆರೆದೇ ಇತ್ತು. ಒಳಗೆ ಹೋದ ಮೇಲೆ ಬೆಂಚಿನಲ್ಲಿ ಹಿಂದೆ ಮುಂದೆ, ಸತ್ತ ಮೇಲೆ ಮಣ್ಣಿನಲ್ಲಿ ಆ ಮೂಲೆ ಈ ಮೂಲೆ.

*

ಸರ್ಕಾರ ಮಾಡಿದ್ದೇನು? 1950ರ ಆಗಸ್ಟ್ 10ರ ರಾಷ್ಟ್ರಪತಿ ಆಜ್ಞೆ. ಅದರ 3ನೇ ಪ್ಯಾರ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ನ್ಯಾಯವೇ. ಕಿರಿಸ್ತಾನರು, ಮುಸಲ್ಮಾನರು ಹೊರಗೇ ಉಳಿದರು.

ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಅನ್ನುವವನ ಕತೆ ಕೇಳಿ. ಪರಿಶಿಷ್ಟ ಜಾತಿಯ ಚಮ್ಮಾರರಿಗೆ ಸರ್ಕಾರ ಪುಕ್ಕಟೆ ಗೂಡಂಗಡಿ ಕೊಟ್ಟಿತು. ನೀನು ಕಿರಿಸ್ತಾನ, ನಿನಗಿಲ್ಲ ಅಂದಿತು. ಅವನು ದೆಹಲಿಯ ಸುಪ್ರೀಂ ಕೋರ್ಟಿಗೆ ಹೋದ. 1985ರಲ್ಲಿ ಕೋರ್ಟು, ಮತ ಬದಲಾದ ಮೇಲೂ ಅದೇ ಮಟ್ಟದ ಕಷ್ಟ ಉಳಿದಿದೆ ಅನ್ನೋದಕ್ಕೆ ಸಾಕಷ್ಟು ಪುರಾವೆ ಇಲ್ಲ ಅಂತ ಅರ್ಜಿ ವಜಾ ಮಾಡಿತು. ಅದೇ ಉಳಿ, ಅದೇ ಚರ್ಮ, ಅದೇ ರಸ್ತೆ ಬದಿ. ಪಕ್ಕದಲ್ಲಿ ಕೂತ ಹಿಂದೂ ಚಮ್ಮಾರನಿಗೆ ನೆರಳು, ಇವನಿಗೆ ಬಿಸಿಲು. ಕೇಶವನಿಗೆ ಚಪ್ಪಲಿ ಹೊಲಿದರೆ ಅಂಗಳದ ತನಕ, ಕ್ರಿಸ್ತನನ್ನು ನಂಬಿದರೆ ಗೂಡಂಗಡಿಯೂ ಇಲ್ಲ.

2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ಮತದ ಬೇಲಿ ಕಿತ್ತು ಹಾಕಿ ಅಂದಿತು. ಕಿತ್ತು ಹಾಕುವ ಬದಲು 2022ರಲ್ಲಿ ಇನ್ನೊಂದು ಆಯೋಗ ಮಾಡಿದರು. ನಮ್ಮ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕಿರಿಸ್ತಾನರಾದವರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಇಟ್ಟಿದ್ದಾರೆ. ಅದೊಂದು ಊರುಗೋಲು, ಕಾಲಲ್ಲ. ಊರಗೌಡ ಜಾತಿ ಹಿಡಿದು ಬೈದು ಹೊಡೆದರೂ 1989ರ ದೌರ್ಜನ್ಯ ತಡೆ ಕಾಯ್ದೆ ನಮ್ಮ ಪಾಲಿಗೆ ಬಾಗಿಲು ಹಾಕಿಕೊಳ್ಳುತ್ತದೆ. ಹೊಡೆಯುವವನು ಜ್ಞಾನಸ್ನಾನದ ಚೀಟಿ ನೋಡಿ ಹೊಡೆಯುವುದಿಲ್ಲ. ಸ್ಟೇಷನ್ನಿನಲ್ಲಿ ಮಾತ್ರ ಆ ಚೀಟಿ ಕೇಳುತ್ತಾರೆ.

*

ಇದನ್ನೆಲ್ಲ ಮನೆಯೊಳಗೇ ಮಾತಾಡಿ, ಬೀದಿಗೆ ಯಾಕೆ ತರ್ತೀರಿ, ಗುಡಿಗೆ ಕಲ್ಲು ಹೊಡೆಯುವವರಿಗೆ ಇದು ಅಸ್ತ್ರವಾಗುತ್ತದೆ ಅಂತ ನಮ್ಮವರೇ ಕೆಲವರು ಹೇಳ್ತಾರೆ. ಈ ಮಾತಿಗೆ ಉತ್ತರ ಕೊಡಲೇಬೇಕು.

2008ರ ಸೆಪ್ಟೆಂಬರ್ 14ರಂದು ಮಂಗಳೂರು, ಉಡುಪಿ, ಚಿಕ್ಕಮಗಳೂರು ಕಡೆ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆಯಿತು. ಆ ವಾರ ರಾತ್ರಿ ನಮ್ಮ ಗುಡಿಯ ಬಾಗಿಲಲ್ಲಿ ದೊಣ್ಣೆ ಹಿಡಿದು ಕಾವಲು ಮಲಗಿದವರು ಯಾರು? ಕಲ್ಲಿನ ಮೇಲೆ ಹೆಸರಿರುವ ದಾನಿಗಳಲ್ಲ. ಕೇರಿಯ ಹುಡುಗರು. ಕಲ್ಲು ಬಂದರೆ ತಲೆ ಕೊಡೋಕೆ ನಾವು, ಹೆಸರು ಬಂದರೆ ಕಲ್ಲು ತುಂಬಿಹೋಗಿದೆ ಅನ್ನೋಕೆ ಅವರು. ಆದ್ದರಿಂದ ಗುಡಿಯ ವೈರಿಗಳ ಹೆಸರು ಹೇಳಿ ನಮ್ಮ ಬಾಯಿ ಮುಚ್ಚಿಸಬೇಡಿ. ಕಿರಿಸ್ತಾನರಾದರೂ ನಿಮಗೆ ಜಾತಿ ತಪ್ಪಲಿಲ್ಲ, ವಾಪಸು ಬನ್ನಿ ಅಂತ ಕರೆಯುವವರಿಗೂ ಒಂದು ಮಾತು. ಎಲ್ಲಿಗೆ ವಾಪಸು? ಮೂರು ದಿನದ ಮನೆಗಾ? ನಮ್ಮ ಜಗಳ ನಮ್ಮ ಮನೆಯಲ್ಲಿ ನಿಂತು ಆಡುವ ಜಗಳ. ಮನೆ ಬಿಟ್ಟು ಹೋಗೋಕಲ್ಲ, ಮನೆ ಸರಿ ಮಾಡೋಕೆ.

ನಾವು ಹೇಳುತ್ತಿರುವುದನ್ನು ಧರ್ಮಾಧ್ಯಕ್ಷರುಗಳೇ ಒಪ್ಪಿ ಬರೆದಿದ್ದಾರೆ. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ದಲಿತ ನೀತಿಯೊಂದನ್ನು ಹೊರಡಿಸಿತು. 1 ಕೋಟಿ 90 ಲಕ್ಷ ಕಥೋಲಿಕರಲ್ಲಿ 1 ಕೋಟಿ 20 ಲಕ್ಷ ದಲಿತರು ಅಂತ ಅದರಲ್ಲೇ ಲೆಕ್ಕವಿದೆ. ಅಂದರೆ ಮೂವರಲ್ಲಿ ಇಬ್ಬರ ಹತ್ತಿರ ಹತ್ತಿರ ನಾವು. ಸಭೆ ಅಂದರೆ ನಾವೇ. ಆದರೆ ಈ ದೇಶದ ಮೊದಲ ದಲಿತ ಕಾರ್ಡಿನಲ್ ಆಗೋಕೆ 2022ರ ತನಕ ಕಾಯಬೇಕಾಯಿತು, ಹೈದರಾಬಾದಿನ ಅಂತೋಣಿ ಪೂಲರ ತನಕ. ನೀತಿ ಅಚ್ಚಾಗಿದೆ. ನಮ್ಮ ಗುಡಿಯ ನೋಟೀಸ್ ಬೋರ್ಡಿಗೆ ಅದು ಇನ್ನೂ ಬಂದಿಲ್ಲ.

ಹಾಗಾದರೆ ನಮಗೇನು ಬೇಕು? ಕರುಣೆ ಬೇಡ, ಹಳೇ ಬಟ್ಟೆ ಬೇಡ, ಕ್ರಿಸ್ಮಸ್ಸಿನ ಕೇಕಿನ ತುಂಡೂ ಬೇಡ.

ಆ ಕಲ್ಲಿನ ಮೇಲೆ ದುಡಿದವರೆಲ್ಲರ ಹೆಸರು ಬರಬೇಕು. ಜಾಗ ಸಾಲದಿದ್ದರೆ ಕಲ್ಲನ್ನೇ ಕಿತ್ತು ಹಾಕಿ, ಯಾರ ಹೆಸರೂ ಬೇಡ, ದೇವರ ಹೆಸರೊಂದೇ ಸಾಕು.

ಸಮಾಧಿ ಭೂಮಿಗೆ ಒಂದೇ ಗೇಟು, ಒಂದೇ ಸಾಲು. ಸತ್ತ ದಿನದ ಸರದಿಯಂತೆ ಹೂಳಬೇಕು. ಹುಳಕ್ಕೆ ಜಾತಿ ಗೊತ್ತಿಲ್ಲ, ನಾವೂ ಹುಳದಿಂದ ಅಷ್ಟನ್ನಾದರೂ ಕಲಿಯೋಣ.

ಲೆಕ್ಕ ಓದಬೇಕು. 1983ರ ಧರ್ಮಸಭೆಯ ಕಾನೂನೇ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕು, ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೇ ಒಪ್ಪಿಸಬೇಕು ಅನ್ನುತ್ತದೆ. ಆ ಸಮಿತಿಯಲ್ಲಿ ಕೇರಿಯವರು ಕೂರಬೇಕು. ಬಾಗಿಲ ಹತ್ತಿರ ಚಪ್ಪಲಿ ಕಾಯೋಕಲ್ಲ, ಮೇಜಿನ ಹತ್ತಿರ ಪುಸ್ತಕ ನೋಡೋಕೆ.

ಗುಡಿಯ ಪಕ್ಕದ ಇಂಗ್ಲಿಷ್ ಶಾಲೆಯ ಕಾಂಪೌಂಡಿಗೂ ನಾವೇ ಕಲ್ಲು ಹೊತ್ತಿದ್ದೇವೆ. ಅದರೊಳಗೆ ನಮ್ಮ ಮಕ್ಕಳು ಫೀಸಿಗೆ ಹೆದರದೆ ಓದಬೇಕು.

1950ರ ಆಜ್ಞೆಯ 3ನೇ ಪ್ಯಾರ ಹೋಗಬೇಕು. ಅದಕ್ಕೆ ದೆಹಲಿಗೆ ಹೋಗುವ ಧರ್ಮಾಧ್ಯಕ್ಷರ ಜೊತೆ ನಾವೂ ಬರುತ್ತೇವೆ. ಆದರೆ ಮೊದಲು ಗುಡಿಯೊಳಗಿನ 3ನೇ ಪ್ಯಾರ ಅಳಿಸಿ. ಇಲ್ಲದಿದ್ದರೆ ಯಾವ ಮುಖ ಇಟ್ಟುಕೊಂಡು ದೆಹಲಿಯನ್ನು ಕೇಳುವುದು?

ಗೆಳೆಯರೇ, ಶೆಟ್ಟಿಹಳ್ಳಿಯ ಗುಡಿಗೆ ಈಗ ಸೂರಿಲ್ಲ, ಬೆಂಚಿಲ್ಲ, ದಾನಿಗಳ ಕಲ್ಲಿಲ್ಲ. ಮುಂದೆ ಯಾರು ಹಿಂದೆ ಯಾರು ಅನ್ನುವುದೂ ಇಲ್ಲ. ಅಷ್ಟಾಗೋಕೆ ಒಂದು ಹೊಳೆಯೇ ಬಂದು ನುಗ್ಗಬೇಕಾಯಿತು. ನಮ್ಮ ಊರಲ್ಲಿ ಹೊಳೆ ಇಲ್ಲ. ನಾವಿದ್ದೇವೆ.

ಬರುವ ಹಬ್ಬಕ್ಕೆ ಮಾತೆಯ ತೇರು ಎಳೆಯೋಕೆ ಎಂದಿನಂತೆ ಕೇರಿಗೆ ಹೇಳಿ ಕಳಿಸುತ್ತಾರೆ. ಈ ಸಲ ನಾವು ಬಂದು ತೇರಿನ ಪಕ್ಕ ನಿಲ್ಲುತ್ತೇವೆ, ಜಪಮಾಲೆ ಹೇಳುತ್ತೇವೆ. ಕಲ್ಲಿನ ಮೇಲೆ ಹೆಸರು ಬಂದ ಮೇಲೆ ಹಗ್ಗ ಮುಟ್ಟುತ್ತೇವೆ.